ಅವಧಾನಿಗಳ ಟ್ಯಾಬ್, ಶೆಟ್ಟರ ಆಯುಧಪೂಜೆ

ಈ ಊರಿಗೆ ಮೊದಲ ಟ್ಯಾಬ್ ತಂದವನೇ ನಾನು. ಸುಳ್ಳು ಬಿಡಿ, ನನ್ನ ಹತ್ತಿರ ಇರೋದು ಗುಂಡಿ ಒತ್ತೋ ಫೋನು. ಆದರೆ ಈಗ ಹೇಳೋದು ನಿಜ.

ನಮ್ಮ ಪುರೋಹಿತರು ಅವಧಾನಿಗಳು ವರ್ಷದ ದಕ್ಷಿಣೆ ಕೂಡಿಟ್ಟು, ಮಂತ್ರ ಓದೋಕೆ ಅಂತ ದುಬಾರಿ ಆಂಡ್ರಾಯ್ಡ್ ಟ್ಯಾಬ್ ಕೊಂಡರು. ಅದು ಓದುತ್ತಿರುವಾಗಲೇ ಆರಿಹೋಗೋದು. ಬದಲಿಸಿಕೊಡಿ ಅಂದರೆ ಅಂಗಡಿಯ ಶ್ರೀಕಂಠಶೆಟ್ಟರು, "ಟ್ಯಾಬ್ ಬಂಗಾರದಂಥದ್ದು ಸ್ವಾಮಿ, ನಿಮ್ಮ ತುಪ್ಪದ ಕೈ ಸರಿಯಿಲ್ಲ" ಅಂದುಬಿಟ್ಟರು.

ಆಯುಧಪೂಜೆ ಬಂತು. ಶೆಟ್ಟರ ಅಂಗಡಿಗೂ ಇವರೇ ಪುರೋಹಿತರು. ಪೂಜೆ ಅರ್ಧಕ್ಕೆ ಬಂದಾಗ ಟ್ಯಾಬ್ ಆರಿತು.

"ವಿಘ್ನ ಆಯ್ತು. ಸಂಕಲ್ಪದಿಂದ ಮತ್ತೆ ಶುರುಮಾಡೋಣ" ಅಂದರು ಅವಧಾನಿಗಳು.

ಮತ್ತೆ ಆರಿತು. ಮತ್ತೆ ಸಂಕಲ್ಪ. ಶೆಟ್ಟರ ಮಂಡಿ ಜುಮ್ಮೆನ್ನತೊಡಗಿತು, ರಾಹುಕಾಲ ಹತ್ತಿರ ಬಂತು.

"ಬಾಯಿಪಾಠ ಬರಲ್ವೇನ್ರೀ ನಿಮಗೆ?"

"ಬರುತ್ತೆ ಶೆಟ್ರೇ. ಆದರೆ ಬಂಗಾರದಂಥದ್ದು ಅಂತ ನೀವೇ ಹೇಳಿದ ಮೇಲೆ ನಂಬದೆ ಇರೋಕಾಗುತ್ತಾ?"

ಶೆಟ್ಟರು ಕುಂಟುತ್ತಲೇ ಓಡಿದರು. ಕುಂಬಳಕಾಯಿ ಒಡೆಯೋದಕ್ಕೆ ಮೊದಲೇ ಹೊಸ ಟ್ಯಾಬಿನ ಡಬ್ಬಿ ಒಡೆದು ತಂದುಕೊಟ್ಟರು. ಹೊಸದು ಆರಲಿಲ್ಲ. ಮಂಗಳಾರತಿ ಆಯಿತು. ಅವಧಾನಿಗಳು ನೆಮ್ಮದಿಯ ಉಸಿರು ಬಿಟ್ಟರು, ಶೆಟ್ಟರು ಅಲ್ಲೇ ಕಾಲು ಚಾಚಿದರು.

ನೀವು ನಗ್ತಾ ಇದ್ದೀರಿ, ಸಂತೋಷ. ಹಾಗಾದರೆ ನನ್ನ ಚಹಾದ ಕಾಸೂ ನೀವೇ ಕೊಟ್ಟುಬಿಡಿ ಸ್ವಾಮಿ.