ಕಂಚುಗಾರನ ಆರೈಕೆ

“ಬುದ್ಧಿ, ಹೆತ್ತವರ ಸೇವೆಯನ್ನು ಹೊರಗಿನವರ ಕೈಗೆ ಒಪ್ಪಿಸಬಹುದೆ?” ಎಂದು ಮರುಳಸಿದ್ಧ ಕೇಳಿದ.

ಗುರುಗಳು ಮಠದ ಹಿಂಬದಿಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಶಿಷ್ಯನ ದನಿಯಲ್ಲಿ ಸಿಟ್ಟಿತ್ತು. ಅವನ ತಾಯಿ ಅಣ್ಣನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಹಿಂದಿನ ದಿನ ಅವನು ಊರಿಗೆ ಹೋಗಿ ಬಂದಿದ್ದ. ಅಣ್ಣ ತಾಯಿಯ ಆರೈಕೆಯ ಮೇಲ್ವಿಚಾರಣೆಗೆ ಒಬ್ಬ ಹೆಂಗಸನ್ನು ಗೊತ್ತುಮಾಡಿದ್ದ. ಆಕೆ ಉಣಿಸಲು ಒಬ್ಬಳನ್ನು, ಮೈ ಒರೆಸಲು ಇನ್ನೊಬ್ಬಳನ್ನು ತಂದಿಟ್ಟಿದ್ದಳು.

“ಹೆತ್ತ ತಾಯಿಗೆ ಒಂದು ತುತ್ತು ಉಣಿಸಲು ಅಣ್ಣನಿಗೆ ಕೈಯಿಲ್ಲವೆ? ಇದು ಸೇವೆಯೆ, ಹೊಣೆಯಿಂದ ತಪ್ಪಿಸಿಕೊಳ್ಳುವುದೆ?”

ಗುರುಗಳು ಮೊರವನ್ನು ಪಕ್ಕಕ್ಕೆ ಸರಿಸಿ ಅವನಿಗೆ ಕೂರಲು ಜಾಗ ಮಾಡಿಕೊಟ್ಟರು. ಅವನು ಕೂತ ಮೇಲೆ ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ಕಂಚುಗಾರನಿದ್ದ. ಊಟದ ಗಂಗಾಳ, ಜಾಗಟೆ, ಗಂಟೆ ಎರಕ ಹೊಯ್ಯುವುದರಲ್ಲಿ ಅವನದು ಎತ್ತಿದ ಕೈ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬ ಮಗ, ಒಬ್ಬ ಮಗಳು. ಮಗನ ಮನೆಯೂ ಕುಲುಮೆಯೂ ಎದುರು ಬೀದಿಯಲ್ಲಿದ್ದವು. ಮಗಳು ಕಾಳಮ್ಮ ಗಂಡನನ್ನು ಕಳೆದುಕೊಂಡ ಮೇಲೆ ಅಪ್ಪನ ಜೊತೆಗೇ ಇದ್ದಳು.

ವಯಸ್ಸಾದಂತೆ ಕಂಚುಗಾರನಿಗೆ ಮರೆವು ಬಂತು. ಒಂದು ದಿನ ಒಣಗದ ಅಚ್ಚಿಗೆ ಕಾದ ಕಂಚು ಹೊಯ್ದ. ಅದು ಸಿಡಿದು ಕುಲುಮೆಮನೆಯೆಲ್ಲ ಕಿಡಿಯಾಯಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಅಂದಿನಿಂದ ಮಗ ಅವನನ್ನು ಬೆಂಕಿಯ ಹತ್ತಿರ ಬಿಡಲಿಲ್ಲ. ಕೆಲಸ ನಿಂತ ಮೇಲೆ ಮರೆವು ಇನ್ನಷ್ಟು ಬೆಳೆಯಿತು. ಬಚ್ಚಲ ದಾರಿ ತಪ್ಪುತ್ತಿತ್ತು. ಉಂಡದ್ದು ನೆನಪಿರುತ್ತಿರಲಿಲ್ಲ.

ಕಾಳಮ್ಮ ಆಗ ಮನಸ್ಸಿನಲ್ಲೇ ಒಂದು ನಿರ್ಧಾರ ಮಾಡಿದಳು. ಅಪ್ಪನನ್ನು ತಾನೊಬ್ಬಳೇ ನೋಡಿಕೊಳ್ಳಬೇಕು, ಇನ್ನೊಬ್ಬರ ಕೈ ಸೋಕಬಾರದು. ಅಣ್ಣ ಉಣಿಸಲು ಬಂದರೆ, “ನೀನು ಕಲಸಿದ್ದು ಅವರಿಗೆ ಸೇರುವುದಿಲ್ಲ” ಎನ್ನುತ್ತಿದ್ದಳು. ಅತ್ತಿಗೆ ಸಾರು ಕಳಿಸಿದರೆ, ಖಾರ ಹೆಚ್ಚೆಂದು ಪಾತ್ರೆಯನ್ನು ಹಾಗೇ ಹಿಂದಕ್ಕೆ ಕಳಿಸುತ್ತಿದ್ದಳು. ಬರಬರುತ್ತಾ ಅವರು ಕೇಳುವುದನ್ನೇ ಬಿಟ್ಟರು. ಬೀದಿಯವರು ಮಾತ್ರ ಮೆಚ್ಚಿಕೊಂಡರು. ಮಗಳೆಂದರೆ ಕಾಳಮ್ಮನ ಹಾಗಿರಬೇಕು ಎಂದು ತಮ್ಮ ಹೆಣ್ಣುಮಕ್ಕಳಿಗೆ ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಅವಳಿಗೆ ಆಯಾಸ ಕಾಣುತ್ತಿರಲಿಲ್ಲ.

ಕಂಚುಗಾರ ಮಧ್ಯಾಹ್ನದ ಹೊತ್ತಿಗೆ ಒಂದು ಮಾತು ಕೇಳುತ್ತಿದ್ದ. “ನಿಮ್ಮಮ್ಮ ಎಲ್ಲಿ? ಇನ್ನೂ ಬರಲಿಲ್ಲವಲ್ಲ.”

ಅಪ್ಪನಿಗೆ ಸುಳ್ಳು ಹೇಳಬಾರದೆಂದು ಕಾಳಮ್ಮ ಇದ್ದದ್ದನ್ನೇ ಹೇಳುತ್ತಿದ್ದಳು. ಅಮ್ಮ ಸತ್ತು ವರ್ಷಗಳಾದವು ಎನ್ನುತ್ತಿದ್ದಳು. ಮುದುಕ ಅದನ್ನು ಆಗಷ್ಟೇ ಕೇಳಿದವನಂತೆ ಅಳುತ್ತಿದ್ದ. ಅತ್ತು ಮಲಗಿ, ಎದ್ದು, ಮರೆತು, ಮತ್ತೆ ಕೇಳುತ್ತಿದ್ದ. ಅವಳು ಮತ್ತೆ ಹೇಳುತ್ತಿದ್ದಳು. ಹೀಗೆ ಅವನಿಗೆ ಹೆಂಡತಿ ದಿನವೂ ಸಾಯುತ್ತಿದ್ದಳು.

ಕಾಳಮ್ಮ ಸೊರಗಿದಳು. ಸರಿಯಾಗಿ ನಿದ್ದೆ ಮಾಡಿ ಎಷ್ಟು ಕಾಲವಾಯಿತೋ ಅವಳಿಗೇ ತಿಳಿಯದು. ಮಾತು ಮೊನಚಾಯಿತು. ಅಪ್ಪನಿಗೆ ಬಟ್ಟೆ ತೊಡಿಸುವಾಗ ಕೈ ಒರಟಾಯಿತು. ಅವಳಿಗೆ ಅದು ಗೊತ್ತಾಗುತ್ತಿತ್ತು. ಗೊತ್ತಾದಷ್ಟೂ ಇನ್ನಷ್ಟು ಬಿಗಿಯಾಗಿ ಎಲ್ಲವನ್ನೂ ತಾನೇ ಹಿಡಿದುಕೊಳ್ಳುತ್ತಿದ್ದಳು.

ಸ್ನಾನವೆಂದರೆ ಮುದುಕ ಹಟ ಮಾಡುತ್ತಿದ್ದ. ಒಂದು ದಿನ ಬಚ್ಚಲಿನಲ್ಲಿ ಅವಳು ಅವನ ತೋಳೆತ್ತಿ ನೀರು ಹೊಯ್ಯಲು ಹೋದಾಗ ಚೀರಿ ಚೊಂಬನ್ನು ತಳ್ಳಿದ. ನೀರೆಲ್ಲ ಅವಳ ಮೇಲೆ ಚೆಲ್ಲಿತು. ಆಗಲೇ ಅವನು ಕೇಳಿದ, “ನಿಮ್ಮಮ್ಮನನ್ನು ಕರಿ. ಅವಳೆಲ್ಲಿ?”

“ಸತ್ತಳು. ಸತ್ತಳು. ಎಷ್ಟು ಸಲ ಹೇಳಲಿ?” ಎಂದು ಕಾಳಮ್ಮ ಅವನ ಬೆನ್ನ ಮೇಲೆ ಹೊಡೆದಳು.

ಮುದುಕ ಗೋಡೆಗೆ ಒತ್ತಿಕೊಂಡು ಕೈ ಮುಗಿದ. “ಹೊಡೆಯಬೇಡಿ ತಾಯಿ” ಎಂದ. “ನನ್ನ ಮಗಳು ಇಲ್ಲೇ ಎಲ್ಲೋ ಹೋಗಿದ್ದಾಳೆ. ಬಂದರೆ ಅವಳು ಸುಮ್ಮನಿರುವುದಿಲ್ಲ.”

ಕಾಳಮ್ಮ ಎತ್ತಿದ ಕೈ ಇಳಿಸಿದಳು. ಅವಳು ಅಪ್ಪನ ಮೈ ಒರೆಸಿದಳು. ಪಂಚೆ ಉಡಿಸಿ, ಹೊದಿಸಿ, ಹಾಸಿಗೆಯಲ್ಲಿ ಕೂರಿಸಿದಳು. ಆಮೇಲೆ ಒದ್ದೆ ಸೀರೆಯಲ್ಲೇ ಎದುರು ಬೀದಿಗೆ ಹೋಗಿ ಕುಲುಮೆಯ ಬಾಗಿಲಲ್ಲಿ ನಿಂತಳು.

“ಅಣ್ಣಾ, ಅಪ್ಪನನ್ನು ಹೊಡೆದೆ” ಎಂದಳು.

ಅಣ್ಣ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟ. ಬೈಯಲಿಲ್ಲ. ಹೆಂಡತಿಯನ್ನು ಅಪ್ಪನ ಬಳಿಗೆ ಕಳಿಸಿದ. ತಂಗಿಯನ್ನು ಒಳಗೆ ಕೂರಿಸಿ, ತಾನು ಸಂಕವ್ವನ ಮನೆಗೆ ಹೋದ.

ಸಂಕವ್ವ ಆ ಊರಲ್ಲಿ ವಯಸ್ಸಾದವರಿರುವ ಮನೆಗಳಿಗೆ ಬೇಕಾದವಳು. ಅವಳು ವೈದ್ಯೆಯಲ್ಲ, ದಾದಿಯೂ ಅಲ್ಲ. ಯಾವ ಮುದುಕರಿಗೆ ಏನು ಬೇಕು, ಯಾರನ್ನು ಕರೆಸಬೇಕು, ಮನೆಯವರಲ್ಲಿ ಯಾರು ಎಷ್ಟನ್ನು ಹೊರಬಲ್ಲರು ಎಂದು ನೋಡಿ ಹೊಂದಿಸುವುದು ಅವಳ ಕಸುಬು. ಅದನ್ನು ಕಲಿತು ಮಾಡುತ್ತಿದ್ದಳು.

ಅವಳು ಕಂಚುಗಾರನ ಮನೆಗೆ ಬರುವ ಹೊತ್ತಿಗೆ ಕಾಳಮ್ಮನೂ ಅಲ್ಲಿಗೆ ಮರಳಿದ್ದಳು, ತಲೆಯೆತ್ತಲಿಲ್ಲ. ಇವಳು ಅಪ್ಪನನ್ನು ತನ್ನಿಂದ ಬಿಡಿಸಲು ಬಂದವಳು ಎಂದುಕೊಂಡಳು. ಸಂಕವ್ವ ನೇರವಾಗಿ ಹೋಗಿ ಮುದುಕನ ಪಕ್ಕದಲ್ಲಿ ಕೂತಳು. ಅವನು ಅವಳನ್ನು ನೋಡಿ ಅದೇ ಮಾತು ಕೇಳಿದ. “ನನ್ನ ಹೆಂಡತಿ ಎಲ್ಲಿ?”

“ನಾನು ಅವರನ್ನು ನೋಡಿಲ್ಲ ಯಜಮಾನರೇ. ಹೇಗಿರುತ್ತಾರೆ, ಹೇಳಿ.”

ಮುದುಕ ಹೇಳತೊಡಗಿದ. ಅವಳು ಕುಲುಮೆಗೆ ಮಜ್ಜಿಗೆ ತರುತ್ತಾಳೆ. ಹೊಸ ಗಂಟೆಯನ್ನು ಮೊದಲು ಬಾರಿಸುವವಳು ಅವಳೇ. ದನಿ ಒಡಕಾದರೆ ಬಾಯಲ್ಲಿ ಏನೂ ಹೇಳುವುದಿಲ್ಲ, ಮಜ್ಜಿಗೆ ಕೊಡದೆ ಹೊರಟುಬಿಡುತ್ತಾಳೆ. ಇಷ್ಟು ಹೇಳಿ ಮುದುಕ ನಕ್ಕ. ಬಾಗಿಲ ಬಳಿ ನಿಂತಿದ್ದ ಕಾಳಮ್ಮ ಈ ಮಾತನ್ನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಅಪ್ಪ ನಕ್ಕದ್ದನ್ನು ಕಂಡೂ ಬಹಳ ದಿನವಾಗಿತ್ತು.

ಸಂಕವ್ವ ವೈದ್ಯರನ್ನು ಕರೆಸಿದಳು. ಮುದುಕನ ಭುಜದ ಕೀಲು ಹಿಡಿದುಕೊಂಡಿದೆ, ತೋಳೆತ್ತಿದರೆ ಜೀವ ಹೋಗುವಷ್ಟು ನೋವಾಗುತ್ತದೆ ಎಂದು ಅವರು ಹೇಳಿದರು. ಸ್ನಾನದ ಹಟ ಅದರಿಂದಲೇ ಬಂದದ್ದು. ಅವನಿಗೆ ಹೇಳಿಕೊಳ್ಳಲು ಮಾತು ಸಿಕ್ಕಿರಲಿಲ್ಲ. ಅದನ್ನು ಕೇಳಿ ಕಾಳಮ್ಮ ಅಡುಗೆಮನೆಗೆ ಹೋಗಿ ನಿಂತುಕೊಂಡಳು. ಸಂಕವ್ವ ಹಿಂದೆಯೇ ಬಂದಳು.

“ಅಕ್ಕಾ, ಇನ್ನು ನಾನು ಬೇಡ ತಾನೆ?” ಎಂದು ಕಾಳಮ್ಮ ಕೇಳಿದಳು.

“ಮೈ ತೊಳೆಯುವವರನ್ನು ನಾನು ಹುಡುಕಿ ತರಬಲ್ಲೆ, ಕಾಳಮ್ಮ. ನಿಮ್ಮಪ್ಪನಿಗೆ ಮಗಳನ್ನು ಎಲ್ಲಿಂದ ತರಲಿ? ನೀನು ಸ್ವಲ್ಪ ನಿದ್ದೆ ಮಾಡು. ಎದ್ದ ಮೇಲೆ ಅಪ್ಪನ ಹತ್ತಿರ ಕೂತುಕೋ. ಏನೂ ಮಾಡಬೇಡ, ಬರೀ ಕೂತುಕೋ.”

ಎಲ್ಲವೂ ಒಮ್ಮೆಗೇ ಸರಿಹೋಗಲಿಲ್ಲ. ಸಂಕವ್ವ ಮೊದಲು ಕಳಿಸಿದ ಆಳು ಗಟ್ಟಿಮುಟ್ಟಾಗಿದ್ದ, ಕೆಲಸವೂ ಚುರುಕು. ಆದರೆ ಮುದುಕ ಅವನನ್ನು ಕಂಡರೆ ಕಂಬಳಿಯೊಳಗೆ ಸೇರಿಕೊಳ್ಳುತ್ತಿದ್ದ. ಸಂಕವ್ವ ಬಂದು ನೋಡಿ, “ನನ್ನ ಲೆಕ್ಕ ತಪ್ಪಿತು” ಎಂದು ಆ ಆಳನ್ನು ಕೆಲಸದಿಂದ ಬಿಡಿಸಿದಳು. ಮುದುಕ ಯಾರ ಜೊತೆ ದುಡಿದವನು ಎಂದು ಮಗನನ್ನು ವಿಚಾರಿಸಿದಳು. ಹಿಂದೆ ಅವರ ಕುಲುಮೆಯಲ್ಲಿ ಬೆಂಕಿಗೆ ಗಾಳಿ ಊದುವ ತಿದಿ ಒತ್ತುತ್ತಿದ್ದವನೊಬ್ಬ ಇನ್ನೂ ಇದ್ದ. ಅವನಿಗೆ ಭುಜ ನೋಯದಂತೆ ಸ್ನಾನ ಮಾಡಿಸುವುದನ್ನು ಹೇಳಿಕೊಟ್ಟು ಕರೆತಂದಳು. ಮುದುಕ ಅವನನ್ನು ನೋಡಿದ್ದೇ, “ತಡವಾಯಿತೇಕೋ?” ಎಂದು ಗದರಿದ. ಬಚ್ಚಲ ಒಲೆಯ ಬೆಂಕಿ ಸಾಲದೆಂದು ಬೈಯುತ್ತಲೇ ಸ್ನಾನ ಮಾಡಿಸಿಕೊಂಡ.

ಅತ್ತಿಗೆಯ ಸಾರು ಈಗ ಹಿಂದಕ್ಕೆ ಹೋಗಲಿಲ್ಲ. ಸಂಜೆಯ ಹೊತ್ತು ಅಣ್ಣನ ಪಾಲಿಗೆ ಬಂತು. ಅವನಿಗೆ ಅಪ್ಪನ ಜೊತೆ ಏನು ಮಾತಾಡುವುದೆಂದು ತಿಳಿಯದೆ ಮೊದಮೊದಲು ಬಾಗಿಲ ಕಡೆಗೇ ನೋಡುತ್ತಿದ್ದ. ಆಮೇಲೆ ಹುಣಸೆಹಣ್ಣು, ಒಂದು ಹಳೆಯ ಗಂಗಾಳ ತಂದು ಮುಂದಿಟ್ಟ. ಇಬ್ಬರೂ ಮಾತಿಲ್ಲದೆ ಅದನ್ನು ಉಜ್ಜುತ್ತಾ ಕೂರುತ್ತಿದ್ದರು.

ಕಾಳಮ್ಮನಿಗೆ ಬರೀ ಕೂರುವುದೇ ಕಷ್ಟವಾಯಿತು. ಕೈಗೆ ಕೆಲಸವಿಲ್ಲದೆ ತಾನು ಏನೂ ಅಲ್ಲವೆನಿಸಿತು. ಬಚ್ಚಲಿನಿಂದ ಅಪ್ಪನ ನಗು ಕೇಳಿದ ದಿನ ಅವಳಿಗೆ ಹೊಟ್ಟೆಯುರಿಯಿತು. ತನ್ನ ಜೊತೆ ನಗದವರು ತಿದಿ ಒತ್ತುವವನ ಜೊತೆ ನಗುತ್ತಾರಲ್ಲ ಎಂದು ಅತ್ತಳು. ಅದನ್ನು ಸಂಕವ್ವನಿಗೆ ನಾಚುತ್ತಾ ಹೇಳಿದಳು. “ಈ ಕೆಲಸದಲ್ಲಿ ಎಲ್ಲರಿಗೂ ಒಂದು ಸಲ ಹಾಗಾಗುತ್ತದೆ” ಎಂದಳು ಸಂಕವ್ವ. ಅದಕ್ಕಿಂತ ಹೆಚ್ಚು ಸಮಾಧಾನ ಹೇಳಲಿಲ್ಲ.

ಆದರೆ ದಿನ ಕಳೆದಂತೆ ಕಾಳಮ್ಮ ಕೂರುವುದನ್ನು ಕಲಿತಳು. ಅಪ್ಪನ ಕೈ ಹಿಡಿದು ಅಮ್ಮನ ಸುದ್ದಿ ಕೇಳುತ್ತಿದ್ದಳು. ಅಪ್ಪ ಹೇಳಿದ್ದನ್ನೇ ಹೇಳುತ್ತಿದ್ದ. ಕೆಲವೊಮ್ಮೆ ಹೊಸದೊಂದು ಬರುತ್ತಿತ್ತು. ಮಗಳು ಹುಟ್ಟಿದಾಗ ಅಮ್ಮ ಅವಳ ಕಾಲಿಗೆ ಪುಟ್ಟ ಗೆಜ್ಜೆ ಎರಕ ಹೊಯ್ಯಿಸಿಕೊಂಡಳಂತೆ. ಅದು ಎಷ್ಟು ಪುಟ್ಟದೆಂದರೆ ಅಚ್ಚು ಮಾಡಲು ಅಪ್ಪನ ಬೆರಳು ದಪ್ಪವಾಗಿ ಅಮ್ಮನೇ ಮಾಡಿದಳಂತೆ.

ಆಗಾಗ ಸಂಕವ್ವ ಬಂದು ನೋಡುತ್ತಿದ್ದಳು. ನುಂಗುವುದು ಕಷ್ಟವಾದಾಗ ಅನ್ನವನ್ನು ಗಂಜಿಯಾಗಿಸಿದಳು. ಮುಂದೆ ಏನೇನಾಗಬಹುದು ಎಂಬುದನ್ನು ಅಣ್ಣತಂಗಿಯರಿಗೆ ಮೊದಲೇ ಬಿಡಿಸಿ ಹೇಳಿದಳು. ಅವರು ಅತ್ತರು, ಆದರೆ ಆಮೇಲೆ ಗಾಬರಿಯಾಗಲಿಲ್ಲ. ಕೊನೆಕೊನೆಗೆ ಅಪ್ಪನನ್ನು ದೂರದ ದೊಡ್ಡಾಸ್ಪತ್ರೆಗೆ ಒಯ್ಯಬೇಕೆಂದು ಅಣ್ಣ ಹೇಳಿದ. ಬೇಡವೆಂದು ಕಾಳಮ್ಮ ಹೇಳಿದಳು. ಮಾತಿಗೆ ಮಾತು ಬೆಳೆಯಿತು. ಸಂಕವ್ವ ಇಬ್ಬರನ್ನೂ ತಡೆದು ವೈದ್ಯರನ್ನು ಕರೆಸಿದಳು. ಅಲ್ಲಿಗೆ ಒಯ್ದರೂ ಹೆಚ್ಚೇನೂ ಮಾಡುವಂತಿಲ್ಲ, ನೋವಾಗದಂತೆ ನೋಡಿಕೊಳ್ಳುವುದು ಇಲ್ಲೂ ಆಗುತ್ತದೆ ಎಂದು ಅವರು ಹೇಳಿದರು. ಆಮೇಲೆ ಸಂಕವ್ವ ಮುದುಕನ ತಲೆ ತಿಳಿಯಾಗಿದ್ದ ಒಂದು ಬೆಳಿಗ್ಗೆ ಅವನನ್ನೇ ಕೇಳಿದಳು. “ಯಜಮಾನರೇ, ನಿಮಗೆ ಎಲ್ಲಿ ಇರಬೇಕೆನಿಸುತ್ತದೆ?”

“ಕುಲುಮೆಯ ಸದ್ದು ಕೇಳುವಲ್ಲಿ” ಎಂದ ಮುದುಕ.

ಮಂಚವನ್ನು ಮಗನ ಮನೆಯ ಪಡಸಾಲೆಗೆ ಸಾಗಿಸಿದರು. ಕಾಳಮ್ಮನೂ ಅಲ್ಲಿಗೇ ಹೋದಳು. ಒಂದು ದಿನ ಅಪ್ಪ ಅವಳ ಮುಖವನ್ನು ಬಹಳ ಹೊತ್ತು ನೋಡಿ, “ನೀನು ಯಾರಮ್ಮ?” ಎಂದು ಕೇಳಿದ.  “ನಿಮ್ಮ ಜೊತೆ ಇರುವವಳು” ಎಂದಳು.

“ಹಾಗಾದರೆ ಕೂತುಕೋ” ಎಂದು ಅವನು ಕಾಲು ಮಡಿಚಿ ಮಂಚದಲ್ಲಿ ಜಾಗ ಬಿಟ್ಟ.

ಆ ಸುಗ್ಗಿಯಲ್ಲಿ ಮುದುಕ ತೀರಿಕೊಂಡ. ಎದುರಿನ ಕುಲುಮೆಯಲ್ಲಿ ಆಳುಗಳ ಎರಕದ ಕೆಲಸ ನಡೆದಿತ್ತು. ಮಗನ ತೊಡೆಯ ಮೇಲೆ ತಲೆ, ಮಗಳ ಕೈಯಲ್ಲಿ ಕೈ ಇತ್ತು.

ಕರ್ಮಾಂತರದ ಊಟಕ್ಕೆ ಬಂದ ನೆಂಟರಲ್ಲಿ ಒಬ್ಬಾಕೆ ಕಾಳಮ್ಮನ ಕಿವಿಗೆ ಬೀಳುವಂತೆಯೇ ಹೇಳಿದಳು. ಮೊದಲು ಎಷ್ಟು ಚೆನ್ನಾಗಿ ಮಾಡುತ್ತಿದ್ದಳು, ಕೊನೆಗೆ ಕಂಡಕಂಡವರ ಕೈಗೆ ಕೊಟ್ಟುಬಿಟ್ಟಳು ಎಂದಳು. ಬೀದಿಯವರಲ್ಲೂ ಕೆಲವರು ತಲೆಯಾಡಿಸಿದರು. ಕಾಳಮ್ಮ ಎಲೆಗಳಿಗೆ ನೀರು ಚಿಮುಕಿಸುತ್ತಿದ್ದಳು.  ಅಣ್ಣನಿಗೆ ತಡೆಯಲಾಗದೆ ಎದ್ದು ನಿಂತ. ಅವಳು ಅವನ ತೋಳು ಹಿಡಿದು ಕೂರಿಸಿದಳು.

“ಬಿಡಣ್ಣ” ಎಂದಳು. “ಇವರೆಲ್ಲ ನನ್ನನ್ನು ಹೊಗಳುತ್ತಿದ್ದಾಗ ಅಪ್ಪ ನನಗೆ ಹೆದರುತ್ತಿದ್ದರು.”

ಗುರುಗಳು ಕತೆ ಮುಗಿಸಿ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು.  ಮರುಳಸಿದ್ಧನ ಸಿಟ್ಟು ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ.

“ಹಾಗಾದರೆ ಬುದ್ಧಿ, ನನ್ನ ಅಣ್ಣ ಮಾಡಿದ್ದು ಸರಿ ಎನ್ನುತ್ತೀರಾ?”

“ನಿನ್ನೆ ಊರಿಗೆ ಹೋಗಿದ್ದೆಯಲ್ಲ, ನೀನು ತಾಯಿಯ ಪಕ್ಕದಲ್ಲಿ ಎಷ್ಟು ಹೊತ್ತು ಕೂತಿದ್ದೆ?” ಎಂದು ಗುರುಗಳು ಕೇಳಿದರು.

ಮರುಳಸಿದ್ಧ ಎದ್ದು, ಮತ್ತೆ ಊರಿಗೆ ಹೋಗಿಬರಲು ಅಪ್ಪಣೆ ಕೇಳಿದ.