ಖಾನಾವಳಿ ಕಲ್ಲವ್ವನ ರಾಜಿ ಊಟ

ಬಹಳ ಹಿಂದೆ, ಕೋರ್ಟಿಗೆ ಹೋಗುವ ದಾರಿಯಲ್ಲಿ ಒಂದು ಊರಿತ್ತಂತೆ. ಎಷ್ಟು ಹಿಂದೆ ಅಂತ ಕೇಳಬೇಡಿ. ನನಗೆ ಈ ಕಥೆ ಹೇಳಿದ ಅಜ್ಜಿಯನ್ನು ಕೇಳಿದ್ದಕ್ಕೆ, ನಿನ್ನ ನಾಲಿಗೆ ಇಷ್ಟು ಉದ್ದ ಆಗುವುದಕ್ಕಿಂತ ಹಿಂದೆ ಅಂದಿದ್ದಳು.

ಆ ಊರಲ್ಲಿ ಖಾನಾವಳಿ ಕಲ್ಲವ್ವ ಅಂತ ಒಬ್ಬಳು ಇದ್ದಳಂತೆ. ಆಕೆ ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದೂರಲ್ಲಿ ಮಲಗಿದ್ದ ಕೂಸು ಎದ್ದು ಹಸಿವು ಅಂತ ಅಳುತ್ತಿತ್ತಂತೆ. ರೊಟ್ಟಿ ಎಷ್ಟು ತೆಳುವೆಂದರೆ, ಎತ್ತಿ ಹಿಡಿದು ನೋಡಿದರೆ ಆಚೆ ಕೂತವರ ಮೋರೆ ಕಾಣುತ್ತಿತ್ತಂತೆ. ಮೋರೆ ಅಷ್ಟೇ ಅಲ್ಲ, ಮನಸ್ಸೂ ಕಾಣುತ್ತಿತ್ತಂತೆ. ಅದು ಸ್ವಲ್ಪ ಹೆಚ್ಚಾಯಿತು, ಬಿಡಿ. ಆದರೆ ಹಾಗಂತಾರೆ.

ದಾವೆ ಹೂಡಿದವರೆಲ್ಲ ಕಲ್ಲವ್ವನ ಮನೆ ಮುಂದೆಯೇ ಹಾದು ಹೋಗಬೇಕು. ಹೊಲದ ದಾವೆ, ಗೋಡೆಯ ದಾವೆ, ಹುಣಸೆ ಮರದ ದಾವೆ. ಯಾರ ದಾವೆ ಆದರೇನು, ಹೊಟ್ಟೆ ಎಲ್ಲರಿಗೂ ಇತ್ತು. ಆ ಮನೆಯಲ್ಲಿ ಜಾಗ ಇದ್ದದ್ದು ಒಂದೇ ಸಾಲಿಗೆ. ಕೋರ್ಟಿನಲ್ಲಿ ಒಬ್ಬರ ಮೋರೆ ಒಬ್ಬರು ನೋಡದವರು ಇಲ್ಲಿ ಪಕ್ಕದಲ್ಲೇ ಕೂತು, ಚಟ್ನಿ ಸ್ವಲ್ಪ ಈ ಕಡೆ ಸರಿಸು ಅನ್ನಲೇಬೇಕಿತ್ತಂತೆ.

ಒಂದು ದಿನ ಆ ಸಾಲಿಗೆ ದ್ಯಾಮವ್ವ ಬಂದಳು. ದ್ಯಾಮವ್ವನ ಗಂಡ ತಾನು ಸಾಯುವ ಮೊದಲು ಸ್ವಂತ ಕೈಯಿಂದ ಒಂದು ಬಾವಿ ತೋಡಿದ್ದ. ಅವನು ಸತ್ತ ಮೇಲೆ ಅವನ ತಮ್ಮ ಅಡಿವೆಪ್ಪ ಬಾವಿಯ ಸುತ್ತ ಮುಳ್ಳಿನ ಬೇಲಿ ಹಾಕಿ, ಬಾವಿ ನನ್ನದು ಅಂದ. ದ್ಯಾಮವ್ವ ದೂರದ ಹಳ್ಳದಿಂದ ನೀರು ಹೊತ್ತಳು, ನೀರು ಹೊರುತ್ತಲೇ ಕೋರ್ಟಿಗೂ ನಡೆದಳು. ದಾವೆ ಹೂಡಿದ ವರ್ಷ ಕೋರ್ಟಿನ ಅಂಗಳದಲ್ಲಿ ನೆಟ್ಟ ಬೇವಿನ ಸಸಿ ಮರವಾಗಿ, ಅದರ ನೆರಳಲ್ಲಿ ವಕೀಲರು ಗೊರಕೆ ಹೊಡೆಯುತ್ತಿದ್ದರಂತೆ. ತೀರ್ಪು ಮಾತ್ರ ಬರಲಿಲ್ಲ.

ಆಗ ಊರ ಗೌಡ ರಾಜಿ ಮಾಡಿಸಿದ. ಬಾವಿ ಅಡಿವೆಪ್ಪನದೇ. ಅವನಿಗೆ ಮನಸ್ಸು ಬಂದಾಗ ದ್ಯಾಮವ್ವನಿಗೆ ನೀರು. ಹಬ್ಬಕ್ಕೊಂದು ಸೀರೆ. ಊರವರೆಲ್ಲ ಹೊಂದಿಕೊಂಡು ಹೋಗವ್ವ ಅಂದರು. ನೋಡಿ, ಈ ಮಾತನ್ನು ಯಾವಾಗಲೂ ಕೊಡ ಹೊತ್ತವರಿಗೇ ಹೇಳುತ್ತಾರೆ, ಬೇಲಿ ಹಾಕಿದವರಿಗೆ ಯಾರೂ ಹೇಳುವುದಿಲ್ಲ. ದ್ಯಾಮವ್ವ ಹೂಂ ಅಂದಳು. ಅದೇ ಹೂಂ ಅನ್ನು ಆ ದಿನ ಜಡ್ಜ್ ಸಾಹೇಬರ ಮುಂದೆ ಅಂದುಬಿಟ್ಟರೆ ಮುಗಿಯಿತು, ಬಾವಿ ಮತ್ತೆ ಅವಳ ಕೈಗೆ ಬರುವುದಿಲ್ಲ.

ಕೋರ್ಟಿಗೆ ಹೊರಟ ದ್ಯಾಮವ್ವ, ಅಡಿವೆಪ್ಪ, ಗೌಡ ಮೂವರೂ ಊಟಕ್ಕೆ ಕೂತರು. ಗೌಡನಿಗೆ ಖುಷಿ ತಡೆಯಲಿಲ್ಲ. ಕಲ್ಲವ್ವನಿಗೆ ಎಲ್ಲ ವರದಿ ಒಪ್ಪಿಸಿದ. ಕಲ್ಲವ್ವ ಒಲೆ ಮುಂದಿನಿಂದ ಏಳದೆ ದ್ಯಾಮವ್ವನನ್ನು ಕೇಳಿದಳಂತೆ.

"ಏನವ್ವಾ, ಸರಿ ಅನ್ನಿಸಿ ಒಪ್ಪಿದಿಯೋ, ಸಾಕಾಗಿ ಒಪ್ಪಿದಿಯೋ?"

ದ್ಯಾಮವ್ವ ಕೊಡ ಹೊತ್ತು ಸೋತ ನಡು ಒತ್ತಿಕೊಂಡಳು.

ಗೌಡ ಸಿಟ್ಟಾಗಿ, ಒಪ್ಪಿಗೆ ಅಂದರೆ ಒಪ್ಪಿಗೆ, ಅದರಲ್ಲಿ ಎರಡು ಥರ ಎಲ್ಲಿ ಬಂತು, ನೀನು ರೊಟ್ಟಿ ಬಡಿ ಅಂದನಂತೆ. ಕಲ್ಲವ್ವ ನಕ್ಕು, ಆಗಲಿ, ನಿಮ್ಮ ರಾಜಿಯ ಪ್ರಕಾರವೇ ಬಡಿಸುತ್ತೇನೆ ಅಂದಳಂತೆ.

ಅಡಿವೆಪ್ಪನ ತಟ್ಟೆಗೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆನೆ ಮೊಸರು. ಪಕ್ಕದಲ್ಲಿ ತುಂಬಿದ ನೀರಿನ ತಂಬಿಗೆ. ದ್ಯಾಮವ್ವನ ತಟ್ಟೆಗೆ ಒಣ ರೊಟ್ಟಿ, ಒಂದು ಮುದ್ದೆ ಕೆಂಪು ಖಾರ. ನೀರು ಇಲ್ಲ. ಅಡಿವೆಪ್ಪ ತೋಳೇರಿಸಿದ. ಅವನು ತುತ್ತು ಮುರಿಯುವಷ್ಟರಲ್ಲಿ ಕಲ್ಲವ್ವ ಎದ್ದು ಬಂದು ತಟ್ಟೆ ಅದಲುಬದಲು ಮಾಡಿಬಿಟ್ಟಳಂತೆ. ತಂಬಿಗೆಯನ್ನೂ ದ್ಯಾಮವ್ವನ ತೊಡೆಗೆ ತಂದಿಟ್ಟಳಂತೆ.

"ರಾಜಿ ಅಂದ್ರ ಇಬ್ಬರಿಗೂ ಸರಿ ಇರಬೇಕಲ್ಲೋ ಅಡಿವೆಪ್ಪಾ. ಹಂಗಿದ್ರ ಆಕೀದು ನೀ ಉಣ್ಣು, ನಿಂದು ಆಕಿ ಉಣ್ಣಲಿ."

ಅಡಿವೆಪ್ಪ ಜಂಬದ ಮನುಷ್ಯ. ಇಷ್ಟಕ್ಕೆ ಹೆದರುತ್ತೇನೆಯೇ ಅಂತ ಖಾರದ ಮುದ್ದೆಯನ್ನು ಇಡಿಯಾಗಿ ರೊಟ್ಟಿಯಲ್ಲಿ ಸುತ್ತಿ ಬಾಯಿಗೆ ತುಂಬಿಕೊಂಡ. ಕಲ್ಲವ್ವನ ಖಾರ ಎಂಥದ್ದು ಅಂದರೆ, ಅದನ್ನು ಅರೆದ ಕಲ್ಲಿನ ಮೇಲೆ ಇರುವೆ ಹತ್ತುತ್ತಿರಲಿಲ್ಲವಂತೆ. ಅವನ ಕಣ್ಣು ಕೆಂಪಾಯಿತು, ಕಿವಿ ಕೆಂಪಾಯಿತು, ಮೀಸೆಯೂ ಕೆಂಪಾಯಿತು ಅಂತಾರೆ. ಆಮೇಲೆ ಬಂತು ನೋಡಿ ಬಿಕ್ಕಳಿಕೆ. ಗೂಟಕ್ಕೆ ತೂಗುಹಾಕಿದ್ದ ಜರಡಿ ಉದುರಿತಂತೆ. ಹೊರಗೆ ಕಟ್ಟಿದ್ದ ಎತ್ತು ಹಗ್ಗ ಹರಿದುಕೊಂಡು ಓಡಿತಂತೆ.

"ನೀರು!" ಅಂದ ಅಡಿವೆಪ್ಪ.

"ಆಕೀಗೆ ಮನಸ್ಸು ಬಂದಾಗ," ಅಂದಳು ಕಲ್ಲವ್ವ.

ಅಡಿವೆಪ್ಪ ದ್ಯಾಮವ್ವನ ಕಡೆ ತಿರುಗಿದ. ಬೇಲಿ ಹಾಕಿದ ದಿನದಿಂದ ಅವನು ಅವಳನ್ನು ಹೆಸರಿಟ್ಟು ಕರೆದಿರಲಿಲ್ಲ, ಸಂಬಂಧ ಇಟ್ಟೂ ಕರೆದಿರಲಿಲ್ಲ. ಬರೀ ಆಕಿ, ಆಕಿ. ಈಗ ಬಿಕ್ಕುತ್ತ ಬಿಕ್ಕುತ್ತ, "ಅತ್ತಿಗೆವ್ವಾ!" ಅಂದನಂತೆ.

ದ್ಯಾಮವ್ವ ಕೆನೆ ಮೊಸರು ಬೆರಳಿಂದ ನೆಕ್ಕಿದಳು. ತಂಬಿಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡಳು.

"ನನಗಿನ್ನೂ ಮನಸ್ಸು ಬಂದಿಲ್ಲೋ ಮೈದುನಾ."

ಸಾಲಿಗೆ ಸಾಲೇ ನಕ್ಕಿತಂತೆ. ಗೌಡನೂ ನಕ್ಕುಬಿಟ್ಟು, ಆಮೇಲೆ ಕೆಮ್ಮಿದಂತೆ ಮಾಡಿದನಂತೆ. ದ್ಯಾಮವ್ವನೂ ನಕ್ಕಳು. ಗಂಡ ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು ಅಂತಾರೆ. ನಗುತ್ತ ನಗುತ್ತ ಕೈ ಸಡಿಲಾಗಿ, ತಂಬಿಗೆಯನ್ನು ಅವನ ಕಡೆ ನೂಕಿದಳು. ಅವನು ಗಟಗಟ ಕುಡಿದ. ಕುಡಿದು, ಖಾಲಿ ತಂಬಿಗೆಯನ್ನು ಎರಡೂ ಕೈಯಿಂದ ದ್ಯಾಮವ್ವನ ಮುಂದೆ ಇಟ್ಟ. ಆಮೇಲೆ, ಬೇಲಿ ಕೀಳುತ್ತೇನೆ ಅಂದ.

ಕಲ್ಲವ್ವ ಅಷ್ಟಕ್ಕೇ ಬಿಡಲಿಲ್ಲ. ಖಾರ ಇಳಿದ ಮೇಲೆ ಮಾತೂ ಇಳಿದೀತು, ಜಡ್ಜ್ ಸಾಹೇಬರ ಮುಂದೆ ಹೇಳು ಅಂದಳಂತೆ. ಬಾವಿ ಇಬ್ಬರದೂ, ನೀರು ಸೇದುವ ಗಡಗಡಿ ಎರಡು, ಹಗ್ಗ ಎರಡು, ಯಾರೂ ಯಾರ ಮನಸ್ಸನ್ನೂ ಕಾಯಬೇಕಾಗಿಲ್ಲ. ಹೀಗೆ ಹೊಸ ರಾಜಿ ಆಯಿತು. ಜಡ್ಜ್ ಸಾಹೇಬರು, ಸ್ವಂತ ಇಚ್ಛೆಯಿಂದ ಒಪ್ಪಿದ್ದೀಯಾ ಅಂತ ಕೇಳಿದಾಗ ಅಡಿವೆಪ್ಪನಿಗೆ ಮತ್ತೆ ಬಿಕ್ಕಳಿಕೆ ಬಂತಂತೆ. ದ್ಯಾಮವ್ವ ಅಲ್ಲೇ, ತುಂಬಿದ ಕೋರ್ಟಿನಲ್ಲಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳಂತೆ.

ಅವತ್ತಿನಿಂದ ರಾಜಿಗೆ ಹೊರಟವರೆಲ್ಲ ಮೊದಲು ಕಲ್ಲವ್ವನಲ್ಲಿ ತಟ್ಟೆ ಬದಲಿಸಿ ಉಣ್ಣಬೇಕಾಯಿತು. ಎಲ್ಲ ರಾಜಿಯೂ ಹೀಗೆ ನಗುನಗುತ್ತ ಆಗಲಿಲ್ಲ. ತಟ್ಟೆ ಬದಲಿಸುವುದಿಲ್ಲ ಅಂತ ಎದ್ದು ಹೋದವರೂ ಇದ್ದರು. ಆಗ ಕಲ್ಲವ್ವ ಉಳಿದು ಕೂತವರಿಗೆ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಟ್ಟು, ಇದು ರಾಜಿ ಅಲ್ಲ, ಹೋಗು, ಮೆಟ್ಟಿಲು ಹತ್ತು, ನ್ಯಾಯವನ್ನೇ ಕೇಳು, ತಡವಾದರೂ ಕೇಳು, ಬರುವಾಗ ನನ್ನ ಬಟ್ಟೆ ತಂದುಕೊಡು ಅನ್ನುತ್ತಿದ್ದಳಂತೆ. ಎಷ್ಟೋ ಮಂದಿ ಗೆದ್ದು ಬಂದರಂತೆ. ಬಟ್ಟೆ ಮಾತ್ರ ಯಾರೂ ತಂದುಕೊಡಲಿಲ್ಲವಂತೆ.

ಕಲ್ಲವ್ವ ಈಗಿಲ್ಲ. ಖಾನಾವಳಿ ಇದ್ದ ಜಾಗದಲ್ಲಿ ಒಲೆಯ ಕಲ್ಲುಗಳು ಮಾತ್ರ ಇವೆಯಂತೆ. ಆದರೂ ಆ ಕಡೆಯ ಜನ ರಾಜಿಗೆ ಕೂತರೆ, ಹೆಬ್ಬೆಟ್ಟು ಒತ್ತುವ ಮೊದಲು ಇಬ್ಬರ ತಟ್ಟೆಯನ್ನೂ ಅದಲುಬದಲು ಮಾಡಿ ಒಂದು ತುತ್ತು ತಿನ್ನಿಸುತ್ತಾರೆ. ಇನ್ನೂ ಒಂದುಂಟು. ಬೇರೆ ಕಡೆ ಮಕ್ಕಳಿಗೆ ಬಿಕ್ಕಳಿಕೆ ಬಂದರೆ, ಏನು ಕದ್ದು ತಿಂದೆ ಅಂತ ಕೇಳುತ್ತಾರಲ್ಲ? ಆ ಕಡೆ ಹಾಗೆ ಕೇಳುವುದಿಲ್ಲ. ಊಟದ ಸಾಲಿನಲ್ಲಿ ಯಾರಿಗೆ ಬಿಕ್ಕಳಿಕೆ ಬರಲಿ, ಬೀಗರಿಗೆ ಬರಲಿ, ಗೌಡನಿಗೇ ಬರಲಿ, ಇಡೀ ಸಾಲು ಒಂದೇ ಬಾಯಲ್ಲಿ ಕೇಳುತ್ತದೆ:

"ಯಾರ ಬಾವಿಗೆ ಬೇಲಿ ಹಾಕೀಯೋ?"

ಕೇಳಿದ ಮೇಲೆ ನೀರು ಕೊಡುತ್ತಾರೆ. ಮೊದಲು ಕೇಳುತ್ತಾರೆ.