ಹಗ್ಗ ಬಿಡದ ಸೊಸೆ

"ಮೇಷ್ಟ್ರೇ, ಕೆಲಸ ಬೇಗ ಮುಗಿಸುವುದು ಮೋಸವೇ?" ಎಂದು ಕಾತ್ಯಾಯಿನಿ ಕೇಳಿದಳು.

ಸಣ್ಣಯ್ಯ ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿದರು. ಒಂದು ಕಾಲದಲ್ಲಿ ತಾವೀಗ ಕೂತಿದ್ದ ಕೋಣೆಯಲ್ಲೇ ಅವರು ಟೈಪಿಂಗ್ ಕಲಿಸುತ್ತಿದ್ದರು. ಈಗ ಸಂಜೆ ಹೊತ್ತು ಕಚೇರಿ ನೌಕರರಿಗೆ ಪ್ರೋಗ್ರಾಮು ಬರೆಯಲು ಕಲಿಸುತ್ತಾರೆ. ತಾವು ಬರೆದ ಮೊದಲ ಪ್ರೋಗ್ರಾಮು ಎಷ್ಟು ಚುರುಕಾಗಿತ್ತೆಂದರೆ, ಇವತ್ತು ಕೊಟ್ಟ ಕೆಲಸವನ್ನು ನಿನ್ನೆಯೇ ಮುಗಿಸಿ ಕೂತಿತ್ತು ಎಂದು ಅವರು ಹೇಳುವುದುಂಟು. ಯಾರೂ ನಂಬುವುದಿಲ್ಲ. ಅದರಿಂದ ಅವರಿಗೇನೂ ಬೇಸರವಿಲ್ಲ.

"ಏನು ಮಾಡಿಕೊಂಡೆ ತಾಯಿ? ನೆಟ್ಟಗೆ ಹೇಳು."

ಕಾತ್ಯಾಯಿನಿ ತಲೆ ತಗ್ಗಿಸಿ, ಕಣ್ಣೊರೆಸಿಕೊಳ್ಳುತ್ತ ಹೇಳಿದಳು. ಅವಳದು ಪಿಂಚಣಿ ಕಚೇರಿಯಲ್ಲಿ ತಾತ್ಕಾಲಿಕ ನೌಕರಿ. ಪಿಂಚಣಿದಾರರ ಹೆಸರು, ಸಂಖ್ಯೆಗಳನ್ನು ಕಂಪ್ಯೂಟರಿನ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಇಳಿಸಬೇಕು. ಒಬ್ಬೊಬ್ಬರಿಗೂ ಅದೇ ಪತ್ರ ಟೈಪು ಮಾಡಬೇಕು. ಬೆಳಿಗ್ಗೆ ಕೂತರೆ ಸಂಜೆಗೆ ಕುತ್ತಿಗೆ ಹಿಡಿದುಹೋಗುತ್ತಿತ್ತು. ಮೇಷ್ಟ್ರು ಕಲಿಸಿದ್ದನ್ನೇ ಕೂಡಿಸಿ ಕಳೆದು ಒಂದು ಪುಟ್ಟ ಪ್ರೋಗ್ರಾಮು ಬರೆದಳು. ಈಗ ಕಾಫಿ ಆರುವಷ್ಟರಲ್ಲಿ ದಿನದ ಕೆಲಸವೆಲ್ಲ ಮುಗಿಯುತ್ತದೆ.

"ಅದಕ್ಕೆ ಅಳುವುದೇಕೆ?"

"ಕೆಲಸವೇ ಇಲ್ಲ ಅಂತ ಗೊತ್ತಾದರೆ ನನ್ನನ್ನು ಯಾಕೆ ಇಟ್ಟುಕೊಳ್ತಾರೆ ಮೇಷ್ಟ್ರೇ? ಹೆದರಿಕೆಯಾಯಿತು. ಒಂದೊಂದು ಹೆಸರಿಗೂ ಸ್ವಲ್ಪ ಹೊತ್ತು ನಿಂತು ಹೋಗು ಅಂತ ಪ್ರೋಗ್ರಾಮಿಗೇ ಬರೆದುಬಿಟ್ಟೆ. ನನ್ನ ಕೈ ಎಷ್ಟು ನಿಧಾನವೋ ಈಗ ಅದೂ ಅಷ್ಟೇ ನಿಧಾನ. ನಾನು ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಕೂತಿರ್ತೀನಿ. ಕಿಟಕಿಯ ಹತ್ತಿರ ಪಿಂಚಣಿದಾರರು ಯಾರಾದರೂ ಬಂದರೆ, ತಲೆ ಎತ್ತದೆ, ಇರಿ, ಕೆಲಸ ನಡೀತಿದೆ ಅಂತೀನಿ."

"ಭಲೆ. ಕುದುರೆ ಕೊಂಡುತಂದು ಅದಕ್ಕೆ ಕುಂಟಲು ಕಲಿಸಿದೆ ಅನ್ನು," ಎಂದು ಮೇಷ್ಟ್ರು ನಕ್ಕರು.

ಕಾತ್ಯಾಯಿನಿ ನಗಲಿಲ್ಲ. ಅದನ್ನು ಕಂಡು ಮೇಷ್ಟ್ರು ದನಿ ತಗ್ಗಿಸಿ ಕತೆ ಶುರುಮಾಡಿದರು.

ಒಬ್ಬ ರೈತನ ಮನೆಗೆ ಸೊಸೆ ಬಂದಳು. ಆ ಮನೆಯಲ್ಲಿ ಎಮ್ಮೆಗಳು ಬಹಳ. ಮೊಸರು ಕಡೆಯುವ ಗಡಿಗೆ ಎಷ್ಟು ದೊಡ್ಡದೆಂದರೆ, ಅದರಲ್ಲಿ ಬಿದ್ದ ಎಮ್ಮೆಕರು ಈಜಿ ದಡ ಸೇರುವಷ್ಟರಲ್ಲಿ ಎಮ್ಮೆಯೇ ಆಗಿತ್ತು.

"ನಮ್ಮ ಮುತ್ತಜ್ಜಿ ಕಣ್ಣಾರೆ ಕಂಡದ್ದು. ನಮ್ಮ ವಂಶದಲ್ಲಿ ನನಗಿಂತ ಮುಂಚೆ ಸುಳ್ಳು ಹೇಳಿದವರೇ ಇಲ್ಲ," ಎಂದರು ಮೇಷ್ಟ್ರು.

ಕಾತ್ಯಾಯಿನಿ ಸೆರಗಿನಿಂದ ಮೂಗೊರೆಸಿಕೊಂಡು, ತಡೆಯಲಾರದೆ, ತುಸು ನಕ್ಕಳು. ಮೇಷ್ಟ್ರಿಗೆ ಅಷ್ಟು ಸಾಕಾಯಿತು.

ಸೊಸೆ ಕೋಳಿ ಕೂಗುವ ಹೊತ್ತಿಗೆ ಏಳುತ್ತಿದ್ದಳು. ಗೋಡೆಗೆ ಮುಖ ಮಾಡಿ ಕೂತು, ಹಾಡು ಹೇಳುತ್ತ, ಹೊತ್ತೇರುವ ತನಕ ಕಡೆಯುತ್ತಿದ್ದಳು. ತೋಳು ಸೋತುಹೋಗುತ್ತಿತ್ತು. ಮನೆಯ ಹಿಂದೆಯೇ ಒಂದು ಕಾಲುವೆ ಹರಿಯುತ್ತಿತ್ತು. ಅವಳು ಅದನ್ನು ನೋಡಿದಳು, ಯೋಚಿಸಿದಳು, ಒಂದು ಚಕ್ರ ಕಟ್ಟಿದಳು. ನೀರು ಚಕ್ರವನ್ನು ತಿರುಗಿಸಿತು. ಚಕ್ರ ಹಗ್ಗವನ್ನು ಎಳೆಯಿತು. ಹಗ್ಗ ಕಡೆಗೋಲನ್ನು ಆಡಿಸಿತು. ಬೆಣ್ಣೆ ತೇಲಿ ಬಂತು.

ಅವಳಿಗೆ ಹಿಗ್ಗಾಯಿತು. ಮರುಗಳಿಗೆಯೇ ಭಯವಾಯಿತು. ಮೊಸರು ಕಡೆಯಲಿಕ್ಕೇ ಇವಳನ್ನು ತಂದುಕೊಂಡರು ಎಂದು ನೆರೆಯವರು ಆಡಿಕೊಂಡದ್ದನ್ನು ಅವಳು ಕೇಳಿದ್ದಳು. ಕಡೆಯುವ ಕೆಲಸವೇ ಹೋದರೆ ತನ್ನನ್ನು ತವರಿಗೆ ಅಟ್ಟಿಬಿಟ್ಟರೆ? ಆದ್ದರಿಂದ ಅವಳು ಮೊದಲಿನಂತೆಯೇ ಗೋಡೆಗೆ ಮುಖ ಮಾಡಿ ಕೂತಳು. ತಾನಾಗಿ ಓಡುವ ಹಗ್ಗವನ್ನು ಹಿಡಿದುಕೊಂಡಳು. ಹಿಂದೆ ಅವಳು ಹಗ್ಗ ಎಳೆಯುತ್ತಿದ್ದಳು. ಈಗ ಹಗ್ಗ ಅವಳನ್ನು ಎಳೆಯಿತು. ಎಂದೂ ಬೊಬ್ಬೆ ಕಾಣದ ಅಂಗೈಯಲ್ಲಿ ಬೊಬ್ಬೆ ಎದ್ದಿತು.

ಅತ್ತೆ ದಿನವೂ ಹೊಸ್ತಿಲ ತನಕ ಬರುತ್ತಿದ್ದಳು. "ಇರಿ ಅತ್ತೆ, ಕೆಲಸ ನಡೀತಿದೆ," ಎಂದು ಸೊಸೆ ತಿರುಗದೆಯೇ ಹೇಳುತ್ತಿದ್ದಳು. ಅತ್ತೆ ಹಿಂದಿರುಗುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಹಿಂದಿರುಗಲಿಲ್ಲ. ಕಡೆಯುವ ಸದ್ದು ಇತ್ತು, ಹಾಡು ಇರಲಿಲ್ಲ. ಅತ್ತೆ ಒಳಗೆ ಬಂದು, ಪಕ್ಕದಲ್ಲಿ ಕೂತು, ಸೊಸೆಯ ಕೈಗಳನ್ನು ಹಗ್ಗದಿಂದ ಬಿಡಿಸಿದಳು. ಹಗ್ಗ ತನ್ನ ಪಾಡಿಗೆ ತಾನು ಓಡುತ್ತಲೇ ಇತ್ತು.

"ನನ್ನನ್ನು ತವರಿಗೆ ಕಳಿಸ್ತೀರಾ ಅತ್ತೆ?" ಎಂದಳು ಸೊಸೆ.

ಅತ್ತೆ ಗಡಿಗೆಯಿಂದ ಬೆರಳ ತುದಿಯಷ್ಟು ಬೆಣ್ಣೆ ತೆಗೆದು ಆ ಬೊಬ್ಬೆಗೆ ಸವರಿದಳು. "ಹುಚ್ಚಿ, ಈ ಮನೆಗೆ ಬಂದಾಗಿನಿಂದ ನಿನ್ನ ಬೆನ್ನನ್ನೇ ನೋಡ್ತಿದ್ದೀನಿ. ಇನ್ನಾದರೂ ಈ ಕಡೆ ತಿರುಗು. ನನಗೂ ಮಾತಿಗೊಬ್ಬರು ಬೇಡವೇನೇ?"

ಮೇಷ್ಟ್ರು ಕತೆ ನಿಲ್ಲಿಸಿದರು. ಕಾತ್ಯಾಯಿನಿ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು. ಕತೆಯೇನೋ ಹಿತವಾಗಿತ್ತು. ಆದರೆ ನಾಳೆ ಕಚೇರಿಗೆ ಹೋಗಬೇಕಾದವಳು ಅವಳು.

"ನಮ್ಮ ಆಫೀಸಿನಲ್ಲಿ ಅಂಥ ಅತ್ತೆ ಯಾರೂ ಇಲ್ಲ ಮೇಷ್ಟ್ರೇ," ಎಂದಳು.

"ಹಾಗಾದರೆ ಕಿಟಕಿಯ ಆಚೆ ದಿನವೂ ಬಂದು, ನಿನ್ನ ನೆತ್ತಿ ನೋಡಿಕೊಂಡು ಹಿಂದಿರುಗುವವರು ಯಾರಮ್ಮ?" ಎಂದರು ಮೇಷ್ಟ್ರು.

ಕಾತ್ಯಾಯಿನಿ ತಲೆ ಎತ್ತಿದಳು.